ಜಾಲಿಮುಳ್ಳಿಗೆ ಸಿಕ್ಕದ ಗಾಳ

ಗುತ್ತಲು ರಸ್ತೆ, ಮಂಡ್ಯ
6 ಏಪ್ರಿಲ್ 2025

ಅಂಕಯ್ಯ,

ಫೋನ್ ಎತ್ತುವುದೇ ಇಲ್ಲ ಎಂದು ಹಟ ಹಿಡಿದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಈ ಎರಡು ವರ್ಷದಲ್ಲಿ ಎಷ್ಟು ಸಲ ಮಾಡಿದ್ದೇನೋ ನಿನ್ನ ಫೋನಿಗೇ ಗೊತ್ತು. ಅದಕ್ಕೇ ಮಳವಳ್ಳಿ ಬಸ್ಸಿನ ಕಂಡಕ್ಟರ್ ಮಹದೇವು ಕೈಯಲ್ಲಿ ಈ ಟಿಫನ್ ಡಬ್ಬಿ ಕಳಿಸುತ್ತಿದ್ದೇನೆ. ನಿಮ್ಮೂರ ಗೇಟಿನ ಅಂಗಡಿಯಲ್ಲಿ ಇಳಿಸುತ್ತಾನೆ. ಒಳಗೆ ತಿಂಡಿ ಇಲ್ಲ, ಕೈ ಹಾಕುವ ಮುಂಚೆ ನೋಡು. ಮೂರು ಗಾಳ ಇವೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಎರಕ ಹೊಯ್ದ ಗಾಳವೊಂದು ನಿಮ್ಮ ಕೆರೆಯಲ್ಲಿ ಮುಳುಗಿದ ಜಾಲಿಬೊಡ್ಡೆಗೆ ಸಿಕ್ಕಿಕೊಂಡಿತ್ತು. ಬಲೆ ಬಿಡಿಸಲು ನೀನು ನೀರಿಗೆ ಕೈ ಹಾಕಿದೆ, ನಾಟಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ, ಎಡಗೈ ತೋರುಬೆರಳು ತೆಗೆಸಬೇಕಾಯಿತು. ಅವತ್ತಿನಿಂದ ನಿಮ್ಮ ಮೀನುಗಾರರ ಸಂಘ ಆ ಕೆರೆಯಲ್ಲಿ ಯಾರೂ ಗಾಳ ಹಾಕಬಾರದು ಎಂದು ಮಾಡಿತು. ನನ್ನನ್ನಂತೂ ಏರಿಯ ಮೇಲೇ ಬಿಡುವುದಿಲ್ಲ. ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಕಾಯಂ ಮಾಡುತ್ತಾರಂತೆ.

ಮೂವತ್ತು ವರ್ಷ ಪ್ರತಿ ಭಾನುವಾರ ಆ ಕೆರೆಗೆ ಬಂದವನು ನಾನು. ಫ್ಯಾಕ್ಟರಿಯಲ್ಲಿ ಆರು ದಿನ ಫಿಟ್ಟರ್ ಕೆಲಸ, ಏಳನೆಯ ದಿನ ನಿನ್ನ ತೆಪ್ಪದ ಪಕ್ಕ. ಈಗ ಭಾನುವಾರ ಬಂದರೆ ಮನೆಯಲ್ಲಿ ಹೆಂಡತಿ ದೇವಿರಮ್ಮನಿಗೆ ಅಡ್ಡಡ್ಡ ಓಡಾಡಿಕೊಂಡು ಬೈಸಿಕೊಳ್ಳುತ್ತೇನೆ. ಬೆರಳು ಕಳೆದುಕೊಂಡವನು ನೀನು. ಸಿಕ್ಕಿಕೊಳ್ಳದ ಗಾಳ ಆದರೆ ಪರವಾಗಿಲ್ಲ ಎಂದು ನೀನು ಒಂದು ಮಾತು ಹೇಳಿದರೆ ಅಧ್ಯಕ್ಷ ಚಿಕ್ಕಬೋರಯ್ಯ ಕೇಳುತ್ತಾನೆ.

ಅಮೆರಿಕದವರು ಬಾಸ್ ಎಂಬ ಮೀನಿಗೆ ಹಾಕುವ ಜಿಗ್ ಹೆಡ್ಡುಗಳನ್ನು ಯೂಟ್ಯೂಬಿನಲ್ಲಿ ನೋಡಿ ನೋಡಿ ಇವನ್ನು ಮಾಡಿದ್ದೇನೆ. ಬೇರೆ ಏನಲ್ಲ, ಗಾಳದ ಕತ್ತಿಗೇ ಸೀಸದ ತಲೆ ಕೂಡಿಸಿದ್ದು. ಅವರ ಕೆರೆಗಳಲ್ಲೂ ಮುಳುಗಿದ ಮರಗಳಿವೆ. ಒಂದು ಗುಂಡುತಲೆ. ಒಂದು ಅಡ್ಡ ಮಲಗಿಸಿದ ಕೋಳಿಮೊಟ್ಟೆಯಂಥದ್ದು, ಅದು ಕಲ್ಲಿಗೆ ಒಳ್ಳೆಯದಂತೆ. ಮೂರನೆಯದು ಮೂತಿ ಚೂಪು, ದಾರ ಕಟ್ಟುವ ಕಣ್ಣು ಮೂತಿಯ ತುದಿಯಲ್ಲೇ. ಒಂದೊಂದನ್ನೂ ಜಾಲಿಯ ಮೇಲೆ ಇಪ್ಪತ್ತು ಸಲ ಎಸೆದು ಎಳೆದು, ಎಷ್ಟು ಸಲ ಸಿಕ್ಕಿಕೊಂಡಿತು ಎಂದು ಬರೆ. ಬಯ್ಯುವುದಿದ್ದರೆ ಕೊನೆಯಲ್ಲಿ ಬಯ್ಯಿ.

ನಿನ್ನ
ಜಯಪ್ರಕಾಶ್


ತೂಬಿನದೊಡ್ಡಿ
20 ಏಪ್ರಿಲ್ 2025

ಜಯಪ್ರಕಾಶ್ ಮಾವನವರಿಗೆ ನಮಸ್ಕಾರ. ನಾನು ನಾಗಶ್ರೀ, ಸಂತೋಷ್ ಹೆಂಡತಿ, ಅಂಕಯ್ಯನವರ ಸೊಸೆ. ಮಾವನಿಗೆ ಅಕ್ಷರ ಬರುತ್ತದೆ, ಬರೆಯಲು ಬೇಜಾರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ನಯ ಮಾಡಬಾರದು ಎಂದು ಎದುರಿಗೇ ಕೂತಿದ್ದಾರೆ. ಇಲ್ಲಿಂದ ಅವರ ಮಾತು.

ಲೇ ಜಯಪ್ರಕಾಸ, ನಿಂಗೇನು ಬ್ಯಾರೆ ಕೆಲ್ಸ ಇಲ್ವೇನ್ಲಾ? ನಾನು ಬಲೆಯವ್ನು. ಬಲೆಯವ್ನು ಗಾಳ ಮುಟ್ಟುದ್ರೆ ಒಂದು ವರ್ಸ ಬಲೆಗೆ ಸೇರ್ಸಕ್ಕಿಲ್ಲ. ನಮ್ಮ ತಾತನ ಕಾಲದಿಂದ ಇರೋ ಕಟ್ಟಲೆ, ನಿಂಗೂ ಗೊತ್ತು. ಗೊತ್ತಿದ್ದೂ ನಂಗೆ ಎಸಿ ಅಂತೀಯ. ಅದ್ಕೆ ನಾನು ಎಸೀಲಿಲ್ಲ. ಬ್ಯಾರೆಯವ್ರು ಎಸುದ್ರು, ನಾನು ಏರಿ ಮ್ಯಾಲೆ ನಿಂತು ನೋಡ್ದೆ.

ಗುಂಡುತಲೆ ಇಪ್ಪತ್ರಲ್ಲಿ ಹದಿನಾಕು ಸಲ ಸಿಕ್ಕಾಕತ್ತು. ದಂಡ. ಮೊಟ್ಟೆದು ಹನ್ನೊಂದು. ಕವೆಗೆ ಬಂದು ಕುಂತ್ಕತದೆ, ಏಳಕ್ಕೇ ಇಲ್ಲ. ಮೂತಿ ಚೂಪಿಂದು ಏಳು. ಅದು ಕೊಂಬೆ ಮ್ಯಾಲೆ ಹಾವು ಅರ್ದಂಗೆ ಅರ್ಕಂಡು ಬತ್ತದೆ, ಆದ್ರೆ ಗಾಳದ ಮೊನೆ ಬಯಲಾಗೇ ಅದೆ ನೋಡು, ಅದು ಸಿಪ್ಪೆಗೆ ಕಚ್ಕತದೆ. ಇದ್ರಿಂದ ಏನೂ ಆಗಕ್ಕಿಲ್ಲ. ಡಬ್ಬಿ ವಾಪಸ್ ಕಳ್ಸಿವ್ನಿ. ಇನ್ನು ಕಳ್ಸಬ್ಯಾಡ.

ಅಂಕಯ್ಯ

ಮಾವ ಎದ್ದು ಹೋದರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಸೆದವರು ಬೇರೆ ಯಾರೂ ಅಲ್ಲ. ಮೂರು ದಿನ ಬೆಳಗಿನ ಜಾವ ಇವರೇ ಹೋಗಿದ್ದಾರೆ. ಸಿಕ್ಕಿಕೊಂಡಾಗಲೆಲ್ಲ ಕುತ್ತಿಗೆವರೆಗೂ ನೀರಿಗಿಳಿದು ಬಿಡಿಸಿಕೊಂಡು ಬಂದಿದ್ದಾರೆ, ಒಂದನ್ನೂ ಕೆರೆಯಲ್ಲಿ ಬಿಟ್ಟಿಲ್ಲ. ಒದ್ದೆ ಪಂಚೆ ಒಗೆದವಳು ನಾನು. ನಾನು ಹೇಳಿದೆನೆಂದು ಹೇಳಬೇಡಿ.
– ನಾ.


ಮಂಡ್ಯ
11 ಮೇ 2025

ಅಂಕಯ್ಯ,

ಎಸೆದ ಆ ಬೇರೆಯವರಿಗೆ ನನ್ನ ನಮಸ್ಕಾರ ಹೇಳು. ರಟ್ಟೆ ಚೆನ್ನಾಗಿ ಪಳಗಿದೆ, ಕಣ್ಣೂ ಸೂಕ್ಷ್ಮ. ಹದಿನಾಲ್ಕು, ಹನ್ನೊಂದು, ಏಳು. ಇಷ್ಟು ಸರಿಯಾಗಿ ನಮ್ಮ ಫ್ಯಾಕ್ಟರಿಯ ಇಂಜಿನಿಯರೂ ಬರೆದುಕೊಟ್ಟಿರಲಿಲ್ಲ.

ಚೂಪು ಮೂತಿಯದೇ ಸರಿ ಎಂದು ನನಗೂ ಅನಿಸಿತ್ತು. ಗುಂಡುತಲೆಯಲ್ಲಿ ಕಣ್ಣು ನೆತ್ತಿಯ ಮೇಲಿರುತ್ತದೆ. ದಾರ ಮೇಲಕ್ಕೆ ಎಳೆಯುತ್ತದೆ, ತಲೆ ಕೊಂಬೆಯ ಕೆಳಗೆ ತೂರುತ್ತದೆ, ಅಲ್ಲೇ ಕಚ್ಚಿಕೊಳ್ಳುತ್ತದೆ. ಕಣ್ಣು ಮೂತಿಯಲ್ಲೇ ಇದ್ದರೆ ದಾರ ಎತ್ತ ಎಳೆದರೆ ತಲೆ ಅತ್ತಲೇ ಬರುತ್ತದೆ. ತೂಕವನ್ನೂ ಹತ್ತು ಗ್ರಾಂನಿಂದ ಏಳಕ್ಕೆ ಇಳಿಸಿದ್ದೇನೆ. ಭಾರ ಕಡಿಮೆಯಾದಷ್ಟೂ ಕೊಂಬೆಯ ಸಂದಿಗೆ ಬೀಳುವುದು ಕಡಿಮೆ.

ಉಳಿದದ್ದು ಮೊನೆ. ಅಲ್ಲಿನವರು ಮೊನೆಯ ಮುಂದೆ ನಾರಿನ ಕುಚ್ಚು ನಿಲ್ಲಿಸುತ್ತಾರೆ, ಸಣ್ಣ ಪೊರಕೆಯ ಹಾಗೆ. ಕೊಂಬೆ ತಾಗಿದರೆ ಕುಚ್ಚು ತಳ್ಳುತ್ತದೆ, ಮೀನು ಕಚ್ಚಿದರೆ ಕುಚ್ಚು ಬಾಗಿ ಮೊನೆ ಸಿಗುತ್ತದೆ. ಪ್ಲಾಸ್ಟಿಕ್ ಪೊರಕೆಯ ಕಡ್ಡಿ ಹಾಕಿ ನೋಡಿದೆ, ಗಡುಸು. ಹಲ್ಲುಜ್ಜುವ ಬ್ರಷ್ಷಿನದು ಮೆತ್ತಗೆ. ಅವೆರಡನ್ನೂ ಕಳಿಸಿದ್ದೇನೆ, ನೋಡು.

ಇನ್ನೊಂದು ಮಾತು. ಮೊಟ್ಟಮೊದಲು, ಮರದ ಅಚ್ಚಿನಲ್ಲಿ, ಗುಂಡುತಲೆಯವು ಮೂರೇ ಮೂರು ಮಾಡಿದ್ದೆ. ಮಗಳ ಕೆಂಪು ಉಗುರುಬಣ್ಣ ಬಳಿದಿದ್ದೆ. ನಿನ್ನ ಬಸರಾಳಿನ ಭಾಮೈದನಿಗೆ ಬೇಕು ಎಂದು ನೀನು ಎರಡು ಇಸಿದುಕೊಂಡು ಹೋದೆ. ಅವನಿಗೆ ಹೇಳು, ಆ ಗಾಳ ಸರಿಯಿಲ್ಲ, ಬಳಸಬೇಡ ಎಂದು. ಹಾಗೆಯೇ ನಿನ್ನ ಬೆರಳಿನಿಂದ ತೆಗೆದ ಗಾಳ ಇನ್ನೂ ಇದ್ದರೆ ಕಳಿಸು. ಯಾವ ಕೋನದಲ್ಲಿ ನಾಟಿತು ಎಂದು ನೋಡಬೇಕು.

ಜಯಪ್ರಕಾಶ್


ತೂಬಿನದೊಡ್ಡಿ
1 ಜೂನ್ 2025

ಮಾವ ಹೇಳಿದ್ದು:

ಅದೆಲ್ಲಾ ಎಲ್ಲದೆ ಈಗ? ಆಸ್ಪತ್ರೆಯವ್ರು ಬಿಸಾಕ್ಬುಟ್ರೇನೋ. ಕಳದೋಗದೆ ಅಂತ ತಿಳ್ಕೊ. ಸತ್ತೋದ ಬೆರಳಿಗೆ ಕೋನ ಅಳೀತಾನಂತೆ ಇವ್ನು, ದೊಡ್ಡ ಇಂಜಿನೀರು. ಭಾಮೈದನ ಸುದ್ದಿ ನಿಂಗ್ಯಾಕೆ? ಅಂವ ಮೀನು ತಿನ್ನದೇ ಬುಟ್ಟವ್ನೆ.

ಪೊರಕೆಕಡ್ಡಿದು ಎಲ್ಲೂ ಸಿಕ್ಕಾಕಳಕ್ಕಿಲ್ಲ, ದಿಟ. ಆದ್ರೆ ಮೀನಿಗೂ ಸಿಕ್ಕಾಕಳಕ್ಕಿಲ್ಲ. ಕೊರಮೀನು ಬಾಯಾಕಿ ಉಗುದ್ಬುಡ್ತು. ಬ್ರಸ್ಸಿಂದು ಕೊಂಬೆ ಕಂಡ್ರೆ ಮಲೀಕತದೆ. ಎರಡೂ ದಂಡ. ಇವ್ಳು ಏನೋ ಯೋಳ್ತಾವ್ಳೆ, ಅವ್ಳೇ ಬರೀಲಿ.

ಅಂಕಯ್ಯ

ನಾನು ಮದ್ದೂರಿನ ಹತ್ತಿರ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಅಂಗಿಗೆ ಬೆಲೆಚೀಟಿ ಸಿಕ್ಕಿಸುವ ಪ್ಲಾಸ್ಟಿಕ್ ಪಿನ್ನು ನೋಡಿದ್ದೀರಲ್ಲ, ಎಷ್ಟು ಬಗ್ಗಿಸಿದರೂ ಪಟ್ಟನೆ ನೆಟ್ಟಗಾಗುತ್ತದೆ. ಹಾಳಾದವು ನೆಲದ ಮೇಲೆ ರಾಶಿ ಬಿದ್ದಿರುತ್ತವೆ, ಸೂಪರ್‌ವೈಸರ್ ಕೇಳಿ ಒಂದು ಹಿಡಿ ತಂದೆ. ಕುಚ್ಚಿಗೆ ಆಗುತ್ತದೇನೋ ನೋಡಿ.

ಮತ್ತೆ ಆ ಗಾಳ ಕಳೆದುಹೋಗಿಲ್ಲ ಮಾವ. ದೇವರಗೂಡಿನಲ್ಲಿ ಪಟ್ಟಲಮ್ಮನ ಪಟದ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ಯಾಕೆ ಸುಳ್ಳು ಹೇಳಿದರೋ ಗೊತ್ತಿಲ್ಲ. ನಿಮ್ಮ ಕೆಲಸಕ್ಕೆ ಬೇಕಲ್ಲ ಎಂದು ಕೇಳದೆ ಡಬ್ಬಿಯಲ್ಲಿ ಹಾಕಿದ್ದೇನೆ.
– ನಾಗಶ್ರೀ


ಮಂಡ್ಯ
3 ಜೂನ್ 2025

ನಾಗಶ್ರೀ,

ಈ ಚೀಟಿ ನಿನಗೆ ಮಾತ್ರ. ಆ ಗಾಳವನ್ನು ಬಂದ ಬಟ್ಟೆಯಲ್ಲೇ ಸುತ್ತಿ ಮಹದೇವು ಕೈಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ನಿನ್ನ ಮಾವ ನೋಡುವ ಮೊದಲು ಇದ್ದಲ್ಲೇ ಇಟ್ಟುಬಿಡು ತಾಯಿ. ಕೆಂಪು ಬಣ್ಣ ಇನ್ನೂ ಮಾಸಿಲ್ಲ. ಇದನ್ನು ಅವನೇ ಕೊಟ್ಟು ಕಳಿಸಬೇಕು, ಇಲ್ಲವೇ ಅಲ್ಲೇ ಇರಬೇಕು. ನೀನು ಮಾಡಿದ್ದು ತಪ್ಪಲ್ಲ, ಹೆದರಬೇಡ. ಈ ಚೀಟಿಯನ್ನು ಒಲೆಗೆ ಹಾಕು.

ಪಿನ್ನು ಮಾತ್ರ ಭೇಷ್ ಕಣಮ್ಮ. ಸೀಸದಲ್ಲಿ ಸಣ್ಣ ತೂತು ಕೊರೆದು ಆರಾರು ಕೂಡಿಸಿ ಅಂಟು ಹಾಕಿದ್ದೇನೆ. ಬೆರಳಲ್ಲಿ ಒತ್ತಿದರೆ ಬಾಗುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಎರಡು ವರ್ಷ ನಾನು ಹುಡುಕಿದ್ದು ನಿನ್ನ ಕಾಲಬುಡದಲ್ಲಿ ಬಿದ್ದಿತ್ತು. ನಾಲ್ಕು ಕಳಿಸಿದ್ದೇನೆ, ಮಾವನಿಗೆ ಕೊಡು.

ಜಯಪ್ರಕಾಶ್ ಮಾವ


ತೂಬಿನದೊಡ್ಡಿ
27 ಜುಲೈ 2025

ಮಾವ ಹೇಳಿದ್ದು:

ಲೇ, ಸಿಕ್ಕಾಕಳಕ್ಕಿಲ್ಲ ಕಣ್ಲಾ! ಇಪ್ಪತ್ತಲ್ಲ, ನಲ್ವತ್ತು ಸಲ ಎಸ್ದೊ. ಒಂದೇ ಒಂದು ಸಲ ನಿಂತ್ಕತ್ತು, ಅದೂ ದಾರ ಸಡ್ಲ ಬುಟ್ಟು ಅಲ್ಲಾಡ್ಸುದ್ರೆ ಬಂದ್ಬುಡ್ತು. ಮೂರ್ನೇ ದಿನ ಕೊರಮೀನು ಕಚ್ತು. ಎರಡು ಕೆಜಿ ಮ್ಯಾಲದೆ. ದವಡೆ ಮೂಲೇಲಿ ಸರ್ಯಾಗಿ ನಾಟಿತ್ತು. ಬುಟ್ಬುಟ್ಟೊ. ಮನೆಗೆ ತಂದ್ರೆ ಎಂಗೆ ಇಡುದ್ರಿ ಅಂತ ಊರೋರು ಕೇಳಕ್ಕಿಲ್ವಾ?

ಈಗ ಕೆಟ್ಟ ಸುದ್ದಿ. ಸೆಪ್ಟೆಂಬರ್ ಹದಿನಾಕಕ್ಕೆ ಸಭೆ. ಚಿಕ್ಕಬೋರಯ್ಯ ಗಾಳ ಕಾಯಂ ಬಂದ್ ಅಂತಾವ್ನೆ. ಅಷ್ಟೇ ಅಲ್ಲ, ಏರಿ ಮ್ಯಾಲೆ ಬೋರ್ಡು ಬರುಸ್ತಾನಂತೆ. ಮಂಡ್ಯದ ಜಯಪ್ರಕಾಸನ ಗಾಳದಿಂದ ಸದಸ್ಯರ ಬೆರಳು ಓಯ್ತು, ಅವ್ನಿಗೆ ಈ ಕೆರೇಲಿ ಜಾಗ ಇಲ್ಲ ಅಂತ. ನಾನು ಬ್ಯಾಡ ಅಂದೆ. ಯಾಕೆ ಬ್ಯಾಡ, ನಿನ್ನ ಬೆರಳಿನ ಸಲವಾಗೇ ಅಲ್ವಾ ಬರುಸ್ತಿರೋದು ಅಂದ. ನಾನು ಎದ್ದು ಬಂದ್ಬುಟ್ಟೆ.

ಏನಾರ ಯೋಳು.

ಅಂಕಯ್ಯ

ಎರಡು ದಿನದಿಂದ ಮಾವ ಸರಿಯಾಗಿ ಉಣ್ಣುತ್ತಿಲ್ಲ.
– ನಾ.


ಮಂಡ್ಯ
10 ಆಗಸ್ಟ್ 2025

ಅಂಕಯ್ಯ,

ನಾನು ಏನು ಹೇಳಲಿ? ನಿಮ್ಮ ಸಂಘ, ನಿಮ್ಮ ಸಭೆ. ನಾನು ಸದಸ್ಯನಲ್ಲ, ಬಾಯಿ ಹಾಕುವ ಹಕ್ಕಿಲ್ಲ. ಬೋರ್ಡಿನಲ್ಲಿ ಹೆಸರು ಬರೆಸುವುದಾದರೆ ಇನಿಷಿಯಲ್ ಸರಿಯಾಗಿ ಬರೆಸಲಿ. ಗುತ್ತಲಿನಲ್ಲಿ ಇನ್ನೊಬ್ಬ ಜಯಪ್ರಕಾಶ್ ಇದ್ದಾನೆ, ಪಾಪ, ಮೀನಿನ ವಾಸನೆ ಕಂಡರಾಗದವನು.

ತಮಾಷೆ ಮಾಡಿದೆ. ಮನಸ್ಸಿಗೆ ನೋವಾಗಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅರವತ್ತನಾಲ್ಕು ವರ್ಷಕ್ಕೆ ನನ್ನ ಹೆಸರು ಒಂದು ಕಡೆಯೂ ಗೋಡೆಯ ಮೇಲೆ ಬಂದಿರಲಿಲ್ಲ, ಬಂದರೆ ಹೀಗೆ ಬರುತ್ತದೆ.

ಬಾಗಿಲಿನ ಪಕ್ಕ ಗಾಳದ ರಾಡು ನಿಲ್ಲಿಸಿದ್ದೆ, ನೆನ್ನೆ ಅಟ್ಟಕ್ಕೆ ಹಾಕಿದೆ. ಕುಚ್ಚಿನ ಗಾಳ ಹನ್ನೆರಡು ಮಾಡಿಟ್ಟಿದ್ದೆ, ಕಳಿಸಿದ್ದೇನೆ. ಬಳಪದ ಕಲ್ಲಿನ ಅಚ್ಚನ್ನೂ ಕಳಿಸಿದ್ದೇನೆ. ಸೀಸ ಕರಗಿಸುತ್ತಿದ್ದ ಸೌಟನ್ನು ದೇವಿರಮ್ಮನಿಗೆ ವಾಪಸ್ ಕೊಟ್ಟೆ. ಆ ಸೌಟಿನಲ್ಲಿ ಇನ್ನು ಸಾರು ಬಡಿಸುತ್ತಾರೇನ್ರೀ ಎಂದು ಗುಜರಿಗೆ ಎತ್ತಿಟ್ಟಳು. ಇಲ್ಲಿಗೆ ಮುಗಿಯಿತು. ಸಕ್ಕರೆ ಮಾತ್ರೆ ತಪ್ಪಿಸಬೇಡ, ಊಟ ಬಿಡಬೇಡ.

ಜಯಪ್ರಕಾಶ್


ತೂಬಿನದೊಡ್ಡಿ
15 ಸೆಪ್ಟೆಂಬರ್ 2025

ಜಯಪ್ರಕಾಸ,

ಇದು ನನ್ನ ಕೈಬರಹ. ಸೊಸೆ ಕೈಲಿ ಬರಸೋ ಕಾಗದ ಅಲ್ಲ ಇದು. ವಂಕರ ಪಂಕರ ಇದ್ರೂ ಓದ್ಕೊ.

ನನ್ನ ಬೆರಳು ತಗದಿದ್ದು ನೀನು ಬುಟ್ಟ ಗಾಳ ಅಲ್ಲ. ನಾನು ಬುಟ್ಟಿದ್ದು. ಬಸರಾಳಿನ ಭಾಮೈದ ಗಾಳ ಕೇಳೇ ಇರ್ಲಿಲ್ಲ. ನಂಗೇ ಬೇಕಿತ್ತು, ಸುಳ್ಳು ಯೋಳಿ ಇಸ್ಕೊಂಡೆ.

ಆ ಜಾಲಿ ಒಳಗೆ ಒಂದು ಕೊರಮೀನು ಇತ್ತು ಕಣ್ಲಾ, ನನ್ನ ತೊಡೆ ಗಾತ್ರ. ದಿನಾ ಒತ್ತಾರೆ ಮ್ಯಾಕೆ ಬಂದು ಉಸುರು ತಕೊಂಡು ನನ್ನ ಕಡೆ ನೋಡಿ ಮುಳುಗೋದು. ಅಲ್ಲಿಗೆ ಬಲೆ ಓಗಕ್ಕಿಲ್ಲ. ಐವತ್ತು ವರ್ಸ ಬಲೆ ಬೀಸಿದ್ದೀನಿ, ಒಂದು ಮೀನು ನನ್ನ ಅಣಕುಸ್ತದಾ ಅಂತ ತಲೆ ಕೆಟ್ಟೋಯ್ತು. ಯಾರೂ ಇಲ್ದಾಗ ನಿನ್ನ ಕೆಂಪು ಗಾಳ ಎಸ್ದೆ. ಸಿಕ್ಕಾಕತ್ತು. ಆ ಕಡೆಯಿಂದ ಯಾರೋ ಬಂದಂಗಾಯ್ತು, ದಾರ ಕುಯ್ದು ಓಡ್ಬಂದೆ. ಎಂಟು ದಿನಕ್ಕೆ ನನ್ನ ಬಲೇನೇ ಅಲ್ಲಿಗೆ ಓಗಿ ಸಿಕ್ಕಾಕತ್ತು. ಗಾಳ ಇದ್ದದ್ದು ಮರ್ತೇಬುಟ್ಟಿದ್ದೆ, ಕೈ ಆಕ್ದೆ.

ಆಸ್ಪತ್ರೇಲಿ ಚಿಕ್ಕಬೋರಯ್ಯ ಇದ್ದ, ಬೀಗ್ರು ಇದ್ರು. ಸಂತೋಸನ ಮದ್ವೆಗೆ ಒಂದು ತಿಂಗ್ಳು ಇತ್ತು. ಯಾರ ಗಾಳ ಅಂದ್ರು. ನೀನು ಒಳೀಕೆ ಬಂದೆ, ಕೈಲಿ ಎಳನೀರು ಇಡ್ಕೊಂಡು. ನಿನ್ನ ಗಾಳ ಕಣ್ಲಾ ಅಂದ್ಬುಟ್ಟೆ. ಬಲೆಯಿಂದ ಆಚೆಗೆ ಆಕ್ಬುಟ್ರೆ ಬೀಗ್ರ ಮುಂದೆ ಎಂಗೆ ತಲೆ ಎತ್ಲಿ ಅನ್ನೋ ಭಯ. ನೀನು ತಿರುಗಿ ಒಂದು ಮಾತು ಅಂದಿದ್ರೆ ನಾನೂ ಬಾಯಿ ಬುಡ್ತಿದ್ನೇನೋ. ನೀನು ತಲೆ ತಗ್ಗುಸ್ಕೊಂಡು ಎಳನೀರು ಮಡಗಿ ಓದೆ. ಆಮ್ಯಾಲೆ ನೀನು ಫೋನ್ ಮಾಡ್ದಾಗೆಲ್ಲ ನಂಗೆ ನಾಚ್ಕೆ ಆಗಿ ಎತ್ತಲಿಲ್ಲ, ಕೋಪ ಅಂತ ನೀನು ತಿಳ್ಕೊಂಡೆ.

ನೆನ್ನೆ ಸಭೇಲಿ ಪೇಂಟ್ರು ಬೋರ್ಡು ತಂದು ಗೋಡೆಗೆ ಒರಗ್ಸಿದ್ದ. ನಿನ್ನ ಎಸರು ಕೆಂಪಕ್ಸರದಲ್ಲಿ ಬರ್ದಿತ್ತು. ನಾನು ಎದ್ದು ನಿಂತು, ಪಟ್ಟಲಮ್ಮನ ಪಟದ ಹಿಂದೆ ಮಡಗಿದ್ದ ಗಾಳ ಎತ್ತಿ ತೋರ್ಸಿ, ಇದು ನನ್ನ ಗಾಳ, ನಾನೇ ಕದ್ದು ಎಸುದ್ದು ಅಂದೆ. ಇಂದುಗಡೆ ಯಾರೋ ಕಿಸಕ್ ಅಂದ. ಎಲ್ರೂ ನಗಕ್ಕೆ ಸುರು ಮಾಡುದ್ರು. ಚಿಕ್ಕಬೋರಯ್ಯ ನಗ್ಲಿಲ್ಲ. ಥೂ ನಿನ್ನ, ಎರಡು ವರ್ಸ ಒಬ್ಬನ ಮ್ಯಾಲೆ ಮಣ್ಣಾಕ್ದಲ್ಲೋ ಅಂದ. ಸರ್ಯಾಗೇ ಅಂದ.

ಒಂದು ವರ್ಸ ನಾನು ಬಲೆ ಮುಟ್ಟೋ ಅಂಗಿಲ್ಲ. ಒಪ್ಕೊಂಡು ಸೈನ್ ಆಕಿದ್ದೀನಿ. ನಾಗಶ್ರೀ ಎದುರ್ಗೇ ಎಲ್ಲಾ ಯೋಳ್ದೆ. ಅವ್ಳು ಅನ್ನ ಇಕ್ಕಿ ಮುಂದೆ ಕುಂತ್ಲು.

ಸಭೇಲೇ ನಿನ್ನ ಹನ್ನೆರಡು ಗಾಳ ಸುರ್ದು, ಎಂಗೆ ಎಂಗೆ ಅಂತ ತೋರ್ಸಿ ಎಲ್ರಿಗೂ ಯೋಳ್ದೆ. ಕುಚ್ಚಿರೋ ಗಾಳಕ್ಕೆ ಮಾತ್ರ ಬುಡದು ಅಂತಾಯ್ತು. ಏರಿ ಮ್ಯಾಲೆ ಕುಂತು ಬಂದೋರ ಗಾಳ ನೋಡಿ ಬುಡೋ ಕೆಲ್ಸ ನಂದು. ಬೋರ್ಡಿನಲ್ಲಿ ನಿನ್ನ ಎಸರು ನಾನೇ ಸೀಮೆಎಣ್ಣೆ ಆಕಿ ಉಜ್ಜಿ ತಗ್ದೆ.

ತಪ್ಪಾಯ್ತು ಕಣ್ಲಾ. ಬರದಾದ್ರೆ ಬಾ. ಬರ್ದೆ ಇದ್ರೂ ನಾನು ಏನೂ ಅನ್ನಕ್ಕಿಲ್ಲ.

ಅಂಕಯ್ಯ


ಮಂಡ್ಯ
18 ಸೆಪ್ಟೆಂಬರ್ 2025

ಅಂಕಯ್ಯ,

ನನಗೆ ಅವತ್ತೇ ಗೊತ್ತಿತ್ತು.

ನೀನು ಆಸ್ಪತ್ರೆಯ ಮಂಚದ ಮೇಲೆ ಅದನ್ನು ಎತ್ತಿ ತೋರಿಸಿದಾಗಲೇ ಕೆಂಪು ಬಣ್ಣ ಕಣ್ಣಿಗೆ ಬಿತ್ತು. ಮೂರರಲ್ಲಿ ಒಂದು ನನ್ನ ಮನೆಯ ಡಬ್ಬಿಯಲ್ಲಿ, ಎರಡು ನಿನ್ನ ಹತ್ತಿರ. ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಬಾಯಿವರೆಗೂ ಬಂದಿತ್ತು. ನಿನ್ನ ಕೈಗೆ ಸುತ್ತಿದ್ದ ಬಟ್ಟೆ ನೋಡಿದೆ, ಬೀಗರ ಕಡೆ ನೋಡುತ್ತಿದ್ದ ನಿನ್ನ ಮುಖ ನೋಡಿದೆ, ನುಂಗಿಕೊಂಡೆ. ಬೆರಳು ಹೋಗಿತ್ತು, ಮರ್ಯಾದೆಯನ್ನೂ ನಾನೇ ತೆಗೆಯಲೇ?

ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಒಂದು ವಾರ ದೇವಿರಮ್ಮನ ಮೇಲೆ ಹಾರಾಡಿದೆ. ಆಮೇಲೆ ಒಂದು ದಿನ ಉಳಿದಿದ್ದ ಆ ಮೂರನೆಯದನ್ನು ಕೈಯಲ್ಲಿ ಹಿಡಿದು ನೋಡಿದೆ. ನೆತ್ತಿಯ ಮೇಲೆ ಕಣ್ಣು, ಗುಂಡುತಲೆ, ಮೊನೆ ಬಯಲು. ಜಾಲಿಗೆ ಸಿಕ್ಕಿಕೊಳ್ಳದೆ ಇನ್ನೇನಾಗುತ್ತದೆ? ಎಸೆದವನು ನೀನಿರಬಹುದು, ಮಾಡಿದವನು ನಾನೇ. ಹಾಗಾಗಿ ಸಿಕ್ಕಿಕೊಳ್ಳದ್ದೊಂದನ್ನು ಮಾಡಿ ನಿನ್ನ ಕೈಗೆ ಕೊಡುವವರೆಗೆ ಬಿಡಬಾರದು ಎಂದುಕೊಂಡೆ. ನೀನು ಬಾಯಿ ಬಿಡುವೆ ಎಂದು ಎರಡೂವರೆ ವರ್ಷ ಕಾದೆ. ನಡುವೆ ಬೆರಳಿನ ಗಾಳ ಕಳಿಸು ಎಂದು ಚುಚ್ಚಿದೆ, ಅದೊಂದು ನನ್ನ ಸಣ್ಣತನ. ಆಗಸ್ಟಿನಲ್ಲಿ ಆಸೆ ಬಿಟ್ಟಿದ್ದೆ.

ರಾಡು ಅಟ್ಟದಿಂದ ಇಳಿಸಿದ್ದೇನೆ. ಭಾನುವಾರ ಮಹದೇವುವಿನ ಮೊದಲ ಬಸ್ಸಿಗೆ ಬರುತ್ತೇನೆ. ಏರಿಯ ಮೇಲೆ ನನ್ನ ಗಾಳ ನೋಡುವಾಗ ಸ್ನೇಹಿತ ಎಂದು ಬಿಟ್ಟುಬಿಡಬೇಡ, ಸರಿಯಾಗಿ ನೋಡು.

ಮೂರನೆಯ ಕೆಂಪು ಗಾಳ ತರುತ್ತೇನೆ. ಪಟದ ಹಿಂದಿನದನ್ನೂ, ಇನ್ನೊಂದು ನಿನ್ನ ಹತ್ತಿರವೇ ಇದ್ದರೆ ಅದನ್ನೂ ತೆಗೆದಿಡು. ಮೂರನ್ನೂ ಕರಗಿಸಿ ಚೂಪು ಮೂತಿಯ ಅಚ್ಚಿಗೆ ಹೊಯ್ಯೋಣ. ಪಿನ್ನು ತರಲು ನಾಗಶ್ರೀಗೆ ಹೇಳು. ಸೌಟು ನಿಮ್ಮ ಮನೆಯದೇ ಆಗಬೇಕು, ನಮ್ಮದು ಗುಜರಿಗೆ ಹೋಯಿತು.

ನಿನ್ನ
ಜಯಪ್ರಕಾಶ್